ಮೊದಲ ಸಲ ಪಿಆರ್‌ಒ ಆಗುವವರಿಗೆ: ಮೆಷಿನ್‌ಗಿಂತ ಮಾರ್ಕ್ಡ್ ಕಾಪಿ ಮೇಲೆ ಕಣ್ಣಿಡಿ

ಪ್ರಶ್ನೆ: ನಾನು ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ಚುನಾವಣೆಯಲ್ಲಿ ಪಿಒ (ಪೋಲಿಂಗ್ ಆಫೀಸರ್) ಆಗಿ ಬೆರಳಿಗೆ ಶಾಯಿ ಹಾಕಿದ್ದೆ, ಅಷ್ಟೇ. ಈಗ ಬಡ್ತಿ ಸಿಕ್ಕಿದೆ. ಮುಂದಿನ ಸಲ ಪಿಆರ್‌ಒ (ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯಸ್ಥರ) ಡ್ಯೂಟಿಯೇ ಬರುವುದು ಅಂತ ಜೊತೆಯವರೆಲ್ಲ ಹೇಳುತ್ತಿದ್ದಾರೆ. ಈಗಿನಿಂದಲೇ ಹೆದರಿಕೆ. ಮೆಷಿನ್ ಕೈಕೊಟ್ಟರೆ ಏನು ಮಾಡುವುದು? ಲೆಕ್ಕ ತಪ್ಪಿದರೆ ಸಸ್ಪೆಂಡ್ ಮಾಡುತ್ತಾರಾ? ನನ್ನ ಸ್ವಂತ ಮತ ಹಾಕುವುದು ಯಾವಾಗ? ಆ ದಿನ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು ಅಂತ ಬಿಡಿಸಿ ಹೇಳುತ್ತೀರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಉತ್ತರ ಅದರೊಳಗೇ ಇದೆ.

ಹೈಸ್ಕೂಲ್ ಮೇಷ್ಟ್ರಾಗಿದ್ದಷ್ಟು ಕಾಲ ಉಡುಪಿ, ದಕ್ಷಿಣ ಕನ್ನಡ ಎರಡೂ ಕಡೆ ಈ ಡ್ಯೂಟಿ ಮಾಡಿದ್ದೇನೆ. ಆಮೇಲೆ ತರಬೇತಿಯನ್ನೂ ಕೊಟ್ಟಿದ್ದೇನೆ. ಹೊಸ ಪಿಆರ್‌ಒಗಳು ಹೆದರುವುದು ಮೆಷಿನ್‌ಗೆ. ಆದರೆ ಮೆಷಿನ್ ಕೆಟ್ಟರೆ ಬದಲಿಸುವುದಕ್ಕೆ ಕೆಲವು ಮತಗಟ್ಟೆಗಳ ಉಸ್ತುವಾರಿ ನೋಡುವ ಸೆಕ್ಟರ್ ಆಫೀಸರ್ ಜೀಪಿನಲ್ಲಿ ಇನ್ನೊಂದು ಇರುತ್ತದೆ. ಮಾರ್ಕ್ಡ್ ಕಾಪಿಯಲ್ಲಿ, ಅಂದರೆ ಮತ ಹಾಕಲು ಬಂದವರ ಹೆಸರಿಗೆ ಗುರುತು ಹಾಕುವ ಮತದಾರರ ಪಟ್ಟಿಯಲ್ಲಿ, ತಪ್ಪು ಹೆಸರಿನ ಮೇಲೆ ಗೆರೆ ಬಿದ್ದರೆ ಅದನ್ನು ಬದಲಿಸಿಕೊಡುವವರು ಯಾರೂ ಇಲ್ಲ. ಆ ಹೆಸರಿನವರು ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದಾಗ 'ನಿಮ್ಮ ಮತ ಆಗಿದೆ' ಅಂತ ಹೇಳಬೇಕಾಗುತ್ತದೆ. ಹಾಗೆ ಹೇಳುವ ಸಂದರ್ಭ ಬಾರದಂತೆ ನೋಡಿಕೊಳ್ಳುವುದೇ ನಿಮ್ಮ ದೊಡ್ಡ ಕೆಲಸ. ಇನ್ನೊಂದು, ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನ ಲೆಕ್ಕವೂ ಮೆಷಿನ್‌ನ ಟೋಟಲೂ ಇಡೀ ದಿನ ತಾಳೆಯಾಗುತ್ತಾ ಇರಬೇಕು. ಈ ಎರಡು ಸರಿಯಿದ್ದರೆ ರಾತ್ರಿ ನೆಮ್ಮದಿಯಿಂದ ಮನೆಗೆ ಹೋಗಬಹುದು.

ನಾನು ಹೇಳುವುದು ವಿಧಾನಸಭೆ, ಲೋಕಸಭೆ ಚುನಾವಣೆಯ ಕ್ರಮ. ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ಪದ್ಧತಿ ಬೇರೆ.

ಮತದಾನದ ಹಿಂದಿನ ದಿನ ಸಾಮಾನು ಹಂಚಿ ತಂಡಗಳನ್ನು ಕಳಿಸುವ ಮಸ್ಟರಿಂಗ್‌ನ ಗದ್ದಲ ನಿಮಗೆ ಗೊತ್ತೇ ಇದೆ. ಶಾಮಿಯಾನ, ಮೈಕ್, ಸಾಲು ಸಾಲು ಬಸ್ಸು, ಬೆವರು. ಬೇಗ ಸಾಮಾನು ತಗೊಂಡು ಬಸ್ಸಲ್ಲಿ ಸೀಟು ಹಿಡಿಯೋಣ ಅಂತ ಎಲ್ಲರಿಗೂ ಅನಿಸುತ್ತದೆ. ಅಲ್ಲೇ ಒಂದು ಮರದ ನೆರಳಲ್ಲಿ ಕೂತು ನಾಲ್ಕೂ ಜನ ಸೇರಿ ಸಾಮಾನು ನೋಡಿ. ಕಂಟ್ರೋಲ್ ಯೂನಿಟ್ (ಸಿಬ್ಬಂದಿಯ ಮೇಜಿನ ಮೇಲಿರುವುದು), ಬ್ಯಾಲೆಟ್ ಯೂನಿಟ್ (ಮತದಾರರು ಗುಂಡಿ ಒತ್ತುವುದು), ವಿವಿಪ್ಯಾಟ್ (ಹಾಕಿದ ಮತದ ಚೀಟಿ ತೋರಿಸುವುದು) ಮೂರರ ನಂಬರ್ ನಿಮಗೆ ಕೊಟ್ಟ ಚೀಟಿಗೆ ತಾಳೆಯಾಗುತ್ತದಾ? ಬ್ಯಾಲೆಟ್ ಯೂನಿಟ್ ಮೇಲಿನ ಮತಪತ್ರ ನಿಮ್ಮ ಕ್ಷೇತ್ರದ್ದೇ ತಾನೇ? ಟೆಂಡರ್ ಬ್ಯಾಲೆಟ್ (ತನ್ನ ಹೆಸರಿನಲ್ಲಿ ಬೇರೆಯವರು ಮತ ಹಾಕಿಹೋದವರಿಗೆ ಕೊಡುವ ಕಾಗದದ ಮತಪತ್ರ) 20 ಇದೆಯಾ? ಮಾರ್ಕ್ಡ್ ಕಾಪಿ ನಿಮ್ಮದೇ ಮತಗಟ್ಟೆಯದಾ, ಪುಟ ಯಾವುದೂ ಬಿಟ್ಟುಹೋಗಿಲ್ಲ ತಾನೇ, ಕೊನೆಯಲ್ಲಿ ಪೂರಕ ಪಟ್ಟಿ ಸೇರಿಸಿದ್ದಾರಾ? ಪೂರಕ ಪಟ್ಟಿ ಇಲ್ಲದ ಕಾಪಿ ಹಿಡಿದುಕೊಂಡು ಹೋದರೆ ಹೊಸದಾಗಿ ಹೆಸರು ಸೇರಿಸಿದ ಹುಡುಗ ಹುಡುಗಿಯರೆಲ್ಲ ಬೆಳಿಗ್ಗೆ ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ. ಇದನ್ನೆಲ್ಲ ಮಸ್ಟರಿಂಗ್ ಜಾಗದಲ್ಲಿ ಕೇಳಿದರೆ ಅಲ್ಲೇ ಕೊಡುತ್ತಾರೆ. ಬಸ್ಸು ಹೊರಟ ಮೇಲೆ ಫೋನ್ ಮಾಡಿ ಮಾಡಿ ಸಾಕಾಗುತ್ತದೆ.

ಒಂದು ಮಾತು ಮರೆಯಬೇಡಿ. ಮೆಷಿನ್ ಜೋಡಿಸಿ ನೋಡುವ ಆಸೆ ಬೇಡ, ಅಲ್ಲಿಯೂ ಬೇಡ, ರಾತ್ರಿ ಶಾಲೆಯಲ್ಲಿಯೂ ಬೇಡ. ಆನ್ ಮಾಡಿದಾಗೆಲ್ಲ ವಿವಿಪ್ಯಾಟ್ ತನ್ನ ಪರೀಕ್ಷೆಯ ಏಳು ಚೀಟಿ ಮುದ್ರಿಸುತ್ತದೆ. ಅಭ್ಯರ್ಥಿಗಳ ಏಜೆಂಟರ ಎದುರು ಮಾಡಬೇಕಾದ್ದನ್ನು ಒಬ್ಬರೇ ಕೂತು ಮಾಡಿದರೆ ಬೆಳಿಗ್ಗೆ ಉತ್ತರ ಕೊಡುವುದು ಕಷ್ಟ. ರಾತ್ರಿ ಮೆಷಿನ್ ಇರುವ ಕೋಣೆಯಲ್ಲೇ ಮಲಗಿ. ಹತ್ತಿರದಲ್ಲೇ ನೆಂಟರ ಮನೆ ಇದೆ, ಊಟ ಮಾಡಿ ಬರೋಣ ಅಂತ ಎಲ್ಲರೂ ಒಟ್ಟಿಗೆ ಎದ್ದು ಹೋಗಬೇಡಿ.

ಸಂಜೆ ಶಾಲೆ ತಲುಪಿದ ಮೇಲೆ ಚಹಾ ಕುಡಿದು ಕೂಡಲೇ ಕೋಣೆ ಸಜ್ಜು ಮಾಡಿ. ನಮ್ಮ ಕರಾವಳಿಯ ಶಾಲೆಗಳಲ್ಲಿ ಗಾಳಿ ಬರಲಿ ಅಂತ ದೊಡ್ಡ ದೊಡ್ಡ ಕಿಟಕಿ ಇಟ್ಟಿರುತ್ತಾರೆ. ಮತ ಹಾಕುವ ಮರೆ ಆ ಕಿಟಕಿಯ ಹತ್ತಿರ ಬರಬಾರದು. ಹೊರಗಿನಿಂದ ಯಾರಾದರೂ ಇಣುಕಿದರೆ ಗುಟ್ಟು ಹೋಯಿತು. ವಿವಿಪ್ಯಾಟ್ ಮೇಲೆ ನೇರವಾಗಿ ಬಿಸಿಲು, ಬಲ್ಬಿನ ಬೆಳಕು ಬೀಳುವುದೂ ಒಳ್ಳೆಯದಲ್ಲ. ನಿಮ್ಮ ಮರೆ ಎಲ್ಲಿದೆ ಅಂತ ಬೆಳಿಗ್ಗೆ ಏಳರ ಬಿಸಿಲಿಗೂ ಸಂಜೆ ನಾಲ್ಕರ ಬಿಸಿಲಿಗೂ ಲೆಕ್ಕ ಹಾಕಿ ನೋಡಿ. ಬಾಗಿಲು ಎರಡಿದ್ದರೆ ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಒಂದೇ ಬಾಗಿಲಾದರೆ ನಡುವೆ ಹಗ್ಗ ಕಟ್ಟಿ.

ಕವರುಗಳ ಕೆಲಸವನ್ನೂ ಆ ಸಂಜೆಯೇ ಮುಗಿಸಿ. ಕ್ಷೇತ್ರದ ಹೆಸರು, ಮತಗಟ್ಟೆ ನಂಬರು, ಮತಗಟ್ಟೆ ಹೆಸರು, ದಿನಾಂಕ ಎಲ್ಲ ಕವರಿನ ಮೇಲೂ ಎಲ್ಲ ನಮೂನೆಯಲ್ಲೂ ಬರೆದಿಡಿ. ನಾಲ್ಕು ಜನ ಹಂಚಿಕೊಂಡರೆ ಬೇಗ ಆಗುತ್ತದೆ. ಮತದ ಸಂಖ್ಯೆ ಬರುವ ಜಾಗ, ಸಹಿ ಬರುವ ಜಾಗ ಮಾತ್ರ ಖಾಲಿ ಇರಲಿ. ಮರುದಿನ ಸಂಜೆ ಆರರ ಮೇಲೆ ಕಣ್ಣು ಎಳೆಯುತ್ತಿರುತ್ತದೆ, ಏಜೆಂಟರು 17ಸಿ (ಬಿದ್ದ ಮತಗಳ ಲೆಕ್ಕದ ನಮೂನೆ) ಕಾಪಿಗೆ ಕಾಯುತ್ತಿರುತ್ತಾರೆ, ಹೊರಗೆ ಬಸ್ಸಿನ ಡ್ರೈವರ್ ಹಾರ್ನ್ ಹಾಕುತ್ತಿರುತ್ತಾರೆ. ಆಗ ಮತಗಟ್ಟೆಯ ಪೂರ್ತಿ ಹೆಸರು ಬರೆಯುತ್ತಾ ಕೂರುವುದು ಶಿಕ್ಷೆ.

ಸ್ವಂತದ ಸಾಮಾನಿನಲ್ಲಿ ಬೈರಾಸು, ಚಾದರ, ಟಾರ್ಚ್, ಸೊಳ್ಳೆಬತ್ತಿ, ದಿನವೂ ತಗೊಳ್ಳುವ ಮಾತ್ರೆ, ಎರಡು ಮೂರು ಪೆನ್ನು, ಸ್ಕೇಲ್, ಬ್ಲೇಡ್, ಗಮ್ ಇರಲಿ. ಏಪ್ರಿಲ್ ಮೇ ತಿಂಗಳಾದರೆ ಒಂದು ಜೊತೆ ಬಟ್ಟೆ ಜಾಸ್ತಿಯೇ ಬೇಕು. 2023ರ ವಿಧಾನಸಭೆಗೆ ಮೇ 10ಕ್ಕೆ, 2024ರ ಲೋಕಸಭೆಗೆ ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ ನಡೆಯಿತು. ಎರಡೂ ಸಲ ಸೆಕೆ ಹೇಗಿತ್ತು ಅಂತ ಡ್ಯೂಟಿ ಮಾಡಿದವರನ್ನು ಕೇಳಿ. ಊಟ ತಿಂಡಿಗೆ ಶಾಲೆಯ ಅಡುಗೆಯವರ ಹತ್ತಿರ, ಊರಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಮೊದಲೇ ಮಾತಾಡಿ, ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಊರಿನ ಯಾವುದೇ ಪಕ್ಷದವರು ಪ್ರೀತಿಯಿಂದ ಕೊಟ್ಟ ಎಳನೀರೂ ಬೇಡ. ಕೊಟ್ಟವರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ನೋಡಿದವರ ಮನಸ್ಸಿಗೆ ಅದು ಗೊತ್ತಾಗುವುದಿಲ್ಲವಲ್ಲ.

ಇನ್ನು ಬೆಳಿಗ್ಗೆ. ಮತದಾನ ಏಳಕ್ಕಾದರೆ ಅಣಕು ಮತದಾನ ಐದೂವರೆಗೆ. ಸ್ನಾನಕ್ಕೆ ಒಂದೇ ಬಾಲ್ದಿ ಇರುತ್ತದೆ, ನಾಲ್ಕು ಗಂಟೆಗೆ ಏಳಿ. ಏಜೆಂಟರು ಬಂದಿಲ್ಲ ಅಂದರೆ 15 ನಿಮಿಷ ಕಾಯಬಹುದು. ಆಮೇಲೆ ಬಂದಷ್ಟು ಜನರನ್ನು ಇಟ್ಟುಕೊಂಡು ಶುರು ಮಾಡಿ.

ಬ್ಯಾಲೆಟ್ ಯೂನಿಟ್‌ನ ಕೇಬಲ್ ವಿವಿಪ್ಯಾಟ್‌ಗೆ, ವಿವಿಪ್ಯಾಟ್‌ನ ಕೇಬಲ್ ಕಂಟ್ರೋಲ್ ಯೂನಿಟ್‌ಗೆ. ವಿವಿಪ್ಯಾಟ್ ಹಿಂಬದಿಯ ನಾಬ್ ನೆಟ್ಟಗೆ ನಿಲ್ಲಿಸಬೇಕು. ಸಾಗಿಸುವಾಗ ಅದು ಅಡ್ಡ ಇರುತ್ತದೆ. ನಾಬ್ ತಿರುಗಿಸದೆ ಆನ್ ಮಾಡಿ, 'ಮೆಷಿನ್ ಎರರ್ ತೋರಿಸುತ್ತಿದೆ' ಅಂತ ಸೆಕ್ಟರ್ ಆಫೀಸರಿಗೆ ಫೋನ್ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಮೊದಲು ನಾಬ್, ಮತ್ತೆ ಸ್ವಿಚ್.

ಕನಿಷ್ಠ 50 ಮತ ಹಾಕಿಸಬೇಕು. ನೋಟಾ ಸೇರಿ ಎಲ್ಲ ಅಭ್ಯರ್ಥಿಗಳಿಗೂ ಒಂದಾದರೂ ಬೀಳಬೇಕು. ಒಬ್ಬರು ಹಾಳೆಯಲ್ಲಿ ಯಾರಿಗೆ ಎಷ್ಟು ಅಂತ ಬರೆದುಕೊಳ್ಳಲಿ. ಮುಗಿದ ಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಈ ಮೂರನ್ನೂ ಬಾಯಿಬಿಟ್ಟು ಹೇಳುತ್ತಾ ಒತ್ತಿ. ರಿಸಲ್ಟನ್ನೂ ಬರೆದುಕೊಂಡದ್ದನ್ನೂ ಚೀಟಿಗಳನ್ನೂ ಏಜೆಂಟರ ಮುಂದೆ ತಾಳೆ ನೋಡಿ. ಕ್ಲಿಯರ್ ಆದ ಮೇಲೆ ಟೋಟಲ್ ಒತ್ತಿ, ಸೊನ್ನೆ ಬಂದದ್ದನ್ನು ಏಜೆಂಟರಿಗೆ ತೋರಿಸಿ. ವಿವಿಪ್ಯಾಟ್ ಪೆಟ್ಟಿಗೆಯೊಳಗಿನ ಚೀಟಿ ಎಲ್ಲ ಹೊರಗೆ ತೆಗೆದು, ಹಿಂಬದಿಗೆ ಅಣಕು ಮತದಾನದ ಸೀಲ್ ಹೊಡೆದು, ಕಪ್ಪು ಕವರಿಗೆ ಹಾಕಿ ಸೀಲ್ ಮಾಡಿ. ಖಾಲಿಯಾದ ಪೆಟ್ಟಿಗೆಯನ್ನು ಏಜೆಂಟರಿಗೆ ಬಗ್ಗಿ ನೋಡಲು ಹೇಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಸಾಲು ಗೇಟಿನವರೆಗೆ ಬಂದಿರುತ್ತದೆ. ನಮ್ಮ ಕಡೆಯವರು ಬಿಸಿಲೇರುವ ಮೊದಲು ಮತ ಹಾಕಿ ಹೋಗುವ ಜನ. ಆ ಸಾಲು ನೋಡಿದ ಗಡಿಬಿಡಿಯಲ್ಲಿ ಕ್ಲಿಯರ್ ಮಾಡುವುದು ಬಿಟ್ಟುಹೋದರೆ ಅಣಕು ಮತಗಳ ಮೇಲೆಯೇ ನಿಜವಾದ ಮತ ಬೀಳುತ್ತಾ ಹೋಗುತ್ತದೆ. ಎಣಿಕೆ ದಿನ ಆ ಮೆಷಿನ್ ಪಕ್ಕಕ್ಕಿಡುವ ಪರಿಸ್ಥಿತಿ ಬರುತ್ತದೆ. ಇಡೀ ಊರು ಸಾಲಲ್ಲಿ ನಿಂತು ಹಾಕಿದ ಮತ ಅದು. ಆದ್ದರಿಂದ ಐದು ನಿಮಿಷ ತಡವಾದರೂ ಪರವಾಗಿಲ್ಲ, ಈ ಹೆಜ್ಜೆ ಬಿಡಬೇಡಿ. ಗ್ರೀನ್ ಪೇಪರ್ ಸೀಲ್ ಹಾಕುವಾಗ ಅದರ ನಂಬರ್ ಬರೆದುಕೊಂಡು ಏಜೆಂಟರ ಸಹಿ ತಗೊಳ್ಳಿ.

ಈಗ ಮತದಾನ. ಒಂದು ಮತಗಟ್ಟೆಗೆ ಮೊದಲು 1500 ಮತದಾರರ ಮಿತಿ ಇತ್ತು, 2025ರಲ್ಲಿ ಭಾರತ ಚುನಾವಣಾ ಆಯೋಗ ಅದನ್ನು 1200ಕ್ಕೆ ಇಳಿಸಿದೆ. ದಕ್ಷಿಣ ಕನ್ನಡದಲ್ಲಿ 2024ರಲ್ಲಿ ಶೇ 77ಕ್ಕಿಂತ ಜಾಸ್ತಿ ಮತದಾನ ಆಯಿತು. 1200 ಜನರ ಮತಗಟ್ಟೆಗೆ ಅಷ್ಟೇ ಶೇಕಡಾ ಹಿಡಿದರೆ 920ರಿಂದ 930 ಜನ. ಏಳರಿಂದ ಆರರವರೆಗೆ 11 ಗಂಟೆ. ಅಂದರೆ ಒಬ್ಬೊಬ್ಬರಿಗೆ ಸಿಗುವುದು ಸುಮಾರು 43 ಸೆಕೆಂಡ್. ಸಾಲು ಎಲ್ಲಿ ನಿಲ್ಲುತ್ತದೆ ಅಂತ ನೀವು ಕಳೆದ ಸಲ ಕೂತ ಜಾಗದಿಂದಲೇ ಕಂಡಿರುತ್ತೀರಿ. ಮೆಷಿನ್ ಹತ್ತಿರ ಅಲ್ಲ, ಎರಡನೇ ಮೇಜಿನ ಹತ್ತಿರ. ಅಲ್ಲಿ ಬೆರಳು ನೋಡಬೇಕು, ಶಾಯಿ ಹಾಕಬೇಕು, 17ಎಯಲ್ಲಿ ಕ್ರಮಸಂಖ್ಯೆ ಬರೆಯಬೇಕು, ಸಹಿ ತಗೊಳ್ಳಬೇಕು, ಚೀಟಿ ಕೊಡಬೇಕು. ಅಲ್ಲಿಗೆ ಕೈ ಚುರುಕಿರುವವರನ್ನು ಕೂರಿಸಿ. ಮೂರನೇ ಮೇಜಿಗೆ ಗಟ್ಟಿ ಮನಸ್ಸಿನವರು ಬೇಕು. ಬೀಪ್ ಶಬ್ದ ಕೇಳದೆ ಯಾರನ್ನೂ ಹೊರಗೆ ಬಿಡಬಾರದು, ಚೀಟಿ ತಗೊಳ್ಳದೆ ಬ್ಯಾಲೆಟ್ ಬಟನ್ ಒತ್ತಬಾರದು.

ಶಾಯಿಯ ವಿಷಯ ನಿಮಗೆ ಗೊತ್ತಿದ್ದರೂ ಹೇಳಿಬಿಡುತ್ತೇನೆ. ಒಂದು ಲೋಟದಲ್ಲಿ ಹೊಯ್ಗೆ ತುಂಬಿಸಿ, ಅದರೊಳಗೆ ಬಾಟಲಿ ಮುಕ್ಕಾಲು ಭಾಗ ಹುಗಿಯುವ ಹಾಗೆ ನಿಲ್ಲಿಸಿ. ಆಗ ಮೈ ತಾಗಿದರೂ ಮಗುಚುವುದಿಲ್ಲ. ಬೆರಳಲ್ಲಿ ಎಣ್ಣೆ, ಬೆವರು ಇದ್ದರೆ ಮೊದಲು ಬಟ್ಟೆಯಲ್ಲಿ ಒರೆಸಿ. ಎಡಗೈಯ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗಂಟಿನವರೆಗೆ ಗೆರೆ ಎಳೆಯಿರಿ. ಶಾಯಿ ಮೊದಲು, ಸಹಿ ಆಮೇಲೆ. ಸಹಿ ಹಾಕುವಷ್ಟರಲ್ಲಿ ಅದು ಒಣಗುತ್ತದೆ. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಈ ಶಾಯಿ ಹೋಗುವುದು ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ. ಹೊಸ ಮತದಾರರು ಕೇಳಿದರೆ ಎರಡು ಮಾತು ಹೇಳಿ, ಖುಷಿಪಡುತ್ತಾರೆ. ಆದರೆ ಸಾಲು ಉದ್ದ ಇರುವಾಗ ಬೇಡ.

ಮೊದಲನೇ ಮೇಜಿನಲ್ಲಿ ಎಪಿಆರ್‌ಒ, ಅಂದರೆ ಸಹಾಯಕ ಪಿಆರ್‌ಒ, ಕೂರುತ್ತಾರೆ, ಮಾರ್ಕ್ಡ್ ಕಾಪಿ ಇರುವುದು ಅವರ ಕೈಯಲ್ಲಿ. ನಮ್ಮ ಊರುಗಳಲ್ಲಿ ಈ ಮೇಜಿನಷ್ಟು ಕಷ್ಟದ್ದು ಬೇರೆ ಇಲ್ಲ. ಒಂದೇ ಪಟ್ಟಿಯಲ್ಲಿ ಸುಂದರ ಪೂಜಾರಿ ಮೂರು ಜನ, ಲೀಲಾವತಿ ಶೆಟ್ಟಿ ನಾಲ್ಕು ಜನ, ಮೇರಿ ಡಿಸೋಜ ಐದು ಜನ, ಅಬ್ದುಲ್ ರಹಿಮಾನ್ ಆರು ಜನ ಇದ್ದರೂ ಆಶ್ಚರ್ಯ ಇಲ್ಲ. ಮದುವೆಯಾಗಿ ಬಂದವರ ಹೆಸರು ಗಂಡನ ಮನೆಯ ಕಡೆ ಒಂದು ಥರ, ಕಾರ್ಡಿನಲ್ಲಿ ಇನ್ನೊಂದು ಥರ. ಊರಲ್ಲಿ ಅವರನ್ನು ಗುರುತಿಸುವುದು ಮನೆ ಹೆಸರಿನಿಂದ. ಪಟ್ಟಿಯಲ್ಲಿರುವುದು ಮನೆ ನಂಬರು. ಹೆಸರೊಂದನ್ನೇ ನಂಬಿ ಗೆರೆ ಎಳೆದರೆ ಎಡವಟ್ಟು ಖಂಡಿತ.

ಆದ್ದರಿಂದ ಎಪಿಆರ್‌ಒ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಫೋಟೋ. ನಾಲ್ಕೂ ನೋಡಿದ ಮೇಲೆಯೇ ಪೆನ್ನು. ಕ್ರಮಸಂಖ್ಯೆಯನ್ನೂ ಹೆಸರನ್ನೂ ಏಜೆಂಟರಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿ ಹೇಳಬೇಕು. ಇದು ಬರೀ ನಿಯಮ ಅಂತ ತಿಳಿಯಬೇಡಿ. ಏಜೆಂಟರು ಅದೇ ಊರಿನವರು. 'ಅವರಲ್ಲ ಮಾರಾಯ್ರೆ, ಅವರ ಅತ್ತಿಗೆ ಇವರು, ಮುಂದಿನ ಪುಟ ನೋಡಿ' ಅಂತ ಅವರೇ ತಿದ್ದುತ್ತಾರೆ. ಬೆಳಿಗ್ಗೆ ಹಾಗೆ ಒಂದು ಸಲ ತಿದ್ದಿದರೆ ಮಧ್ಯಾಹ್ನದ ಒಂದು ಜಗಳ ತಪ್ಪಿತು ಅಂತ ತಿಳಿಯಿರಿ. ಸುಮ್ನೆ ಬಾಯೊಳಗೆ ಗೊಣಗುವ ಎಪಿಆರ್‌ಒ ಇದ್ದರೆ ಮತ್ತೆ ಮತ್ತೆ ನೆನಪಿಸಿ.

ಗಂಡಸರಾದರೆ ಹೆಸರಿನ ಚೌಕದ ಮೇಲೆ ಓರೆ ಗೆರೆ ಮಾತ್ರ, ಹೆಂಗಸರಾದರೆ ಗೆರೆಯ ಜೊತೆ ಕ್ರಮಸಂಖ್ಯೆಗೆ ಸುತ್ತು. ಎರಡು ಗಂಟೆಗೊಮ್ಮೆ ಗಂಡು ಹೆಣ್ಣು ಲೆಕ್ಕ ಕಳಿಸಬೇಕಲ್ಲ, ಅದಕ್ಕೆ ಒಂದು ಬೇರೆ ಹಾಳೆಯಲ್ಲಿ ಗೆರೆ ಹಾಕುತ್ತಾ ಹೋಗಲು ಯಾರಿಗಾದರೂ ವಹಿಸಿ. ಇಲ್ಲದಿದ್ದರೆ ಒಂಬತ್ತು ಗಂಟೆಗೆ ಸೆಕ್ಟರ್ ಆಫೀಸರ್ ಫೋನ್ ಮಾಡಿದಾಗ ಸುತ್ತು ಎಣಿಸುತ್ತಾ ಸಾಲು ನಿಲ್ಲಿಸಬೇಕಾಗುತ್ತದೆ. ಪಿಆರ್‌ಒ ಡೈರಿಯನ್ನೂ ಆಗಿಂದಾಗಲೇ ಬರೆಯಿರಿ.

ಭಾಷೆಯೂ ನೋಡಿ. ಬಂಟ್ವಾಳ, ಬೆಳ್ತಂಗಡಿ, ಕಾರ್ಕಳದ ಒಳಗಿನ ಮತಗಟ್ಟೆಗಳಲ್ಲಿ ವಯಸ್ಸಾದವರಿಗೆ ತುಳುವೇ ಸಲೀಸು. 'ಈರೆನ ಪುದರ್ ದಾನೆ?' ಅಂತ ಕೇಳಿದರೆ ಮುಖ ಅರಳುತ್ತದೆ, ಹೆಸರೂ ಸರಿಯಾಗಿ ಬರುತ್ತದೆ. ಉಳ್ಳಾಲದ ಕಡೆ ಬ್ಯಾರಿ, ಕೊಂಕಣಿ ಬೇಕಾಗಬಹುದು. ನಿಮ್ಮ ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೆಯಾದರೆ ಬಿಎಲ್‌ಒ ಸಹಾಯ ತಗೊಳ್ಳಿ. ಬುರ್ಖಾ ಹಾಕಿದವರ ಮುಖ ನೋಡಬೇಕಾದರೆ ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ, ಮರ್ಯಾದೆಯಿಂದ ನೋಡಬೇಕು.

ಇನ್ನೊಂದು ವಿಷಯ, ನನಗೆ ತುಂಬ ಮುಖ್ಯ ಅನಿಸುವುದು. ನಿಮಗೆ ಎಎಸ್‌ಡಿ ಪಟ್ಟಿ ಅಂತ ಒಂದು ಕೊಡುತ್ತಾರೆ. ಊರಲ್ಲಿ ಇಲ್ಲದವರು, ಬೇರೆ ಕಡೆ ಹೋದವರು, ತೀರಿಹೋದವರು ಅಂತ ಬಿಎಲ್‌ಒ ಮನೆ ಮನೆ ಸುತ್ತಿ ಮಾಡಿದ ಪಟ್ಟಿ. ನಮ್ಮ ಜಿಲ್ಲೆಗಳಲ್ಲಿ ಇದು ಉದ್ದ ಇರುವುದು ಸಹಜ. ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಗಲ್ಫಿನಲ್ಲಿರುವವರು ಒಂದೊಂದು ಮನೆಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಮತದಾನಕ್ಕೆ ಅಂತಲೇ ರಾತ್ರಿ ಬಸ್ಸು ಹತ್ತಿ ಊರಿಗೆ ಬರುತ್ತಾರೆ. ಬೆಳಿಗ್ಗೆ ಬ್ಯಾಗ್ ಮನೆಯಲ್ಲಿಟ್ಟು ನೇರ ಮತಗಟ್ಟೆಗೆ.

ಅವರನ್ನು 'ನಿಮ್ಮ ಹೆಸರು ಎಎಸ್‌ಡಿಯಲ್ಲಿದೆ, ಆಗುವುದಿಲ್ಲ' ಅಂತ ವಾಪಸ್ ಕಳಿಸುವುದು ದೊಡ್ಡ ಅನ್ಯಾಯ. ಹೊಸಬರಿಗೆ ಇಲ್ಲೇ ಗೊಂದಲವಾಗುವುದು. ಎಎಸ್‌ಡಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮತದ ಹಕ್ಕು ಹೋಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಗುರುತಿನ ದಾಖಲೆ ಸರಿಯಿದೆ ಅಂದರೆ ಮತ ಹಾಕಬಹುದು. ನೀವು ಸ್ವತಃ ದಾಖಲೆ ನೋಡಿ ಗುರುತು ಖಚಿತ ಮಾಡಿಕೊಳ್ಳಬೇಕು, 17ಎಯಲ್ಲಿ ಸಹಿಯ ಜೊತೆ ಹೆಬ್ಬೆಟ್ಟನ್ನೂ ತಗೊಳ್ಳಬೇಕು, ಘೋಷಣೆ ಬರೆಸಿಕೊಳ್ಳಬೇಕು. ಎಷ್ಟು ಜನ ಹಾಗೆ ಮತ ಹಾಕಿದರು ಅಂತ ಲೆಕ್ಕ ಇಡಬೇಕು. ಎರಡು ನಿಮಿಷದ ಕೆಲಸ. ಅವರಿಗೆ ಒಂದು ಬದಿಯಲ್ಲಿ ಕುರ್ಚಿ ಕೊಟ್ಟು ಕೂರಿಸಿ, ಸಾಲು ಮುಂದೆ ಹೋಗುತ್ತಿರಲಿ. ವಿದೇಶದಲ್ಲಿರುವ ಮತದಾರ ಅಂತ ಪ್ರತ್ಯೇಕವಾಗಿ ಪಟ್ಟಿಗೆ ಸೇರಿದವರಿಗೆ ಮಾತ್ರ ಮೂಲ ಪಾಸ್‌ಪೋರ್ಟೇ ಬೇಕು.

ಗುರುತಿನ ದಾಖಲೆಯಲ್ಲೂ ಸಣ್ಣ ಪುಟ್ಟದ್ದಕ್ಕೆ ತಡೆಯಬೇಡಿ. ಹೆಸರಿನ ಕಾಗುಣಿತ ತಪ್ಪಿದ್ದರೆ ಬಿಟ್ಟುಬಿಡಿ. ಬೇರೆ ಕ್ಷೇತ್ರದಲ್ಲಿ ಮಾಡಿಸಿದ ವೋಟರ್ ಕಾರ್ಡ್ ಆದರೂ ಹೆಸರು ನಿಮ್ಮ ಪಟ್ಟಿಯಲ್ಲಿದ್ದರೆ ನಡೆಯುತ್ತದೆ. ಆದರೆ ಮನೆಗೆ ಕೊಟ್ಟ ಮತದಾರರ ಮಾಹಿತಿ ಚೀಟಿ 2019ರಿಂದ ಗುರುತಿನ ದಾಖಲೆ ಅಲ್ಲ. ಅದೊಂದನ್ನೇ ಹಿಡಿದು ಬಂದ ಅಜ್ಜಿಗೆ ಗದರಬೇಡಿ. ಆಧಾರ್ ತರಲು ಮನೆಯವರನ್ನು ಕಳಿಸಿ, ಅಲ್ಲಿಯವರೆಗೆ ನೆರಳಲ್ಲಿ ಕೂರಿಸಿ. ಬೆಳ್ತಂಗಡಿ ತಾಲೂಕಿನ ಕಾಡಿನೊಳಗಿನ ಬಾಂಜಾರುಮಲೆಯಲ್ಲಿ 2024ರಲ್ಲಿ 111 ಮತದಾರರಲ್ಲಿ 111 ಜನವೂ ಮತ ಹಾಕಿದರು. ಇಷ್ಟು ಆಸ್ಥೆಯಿಂದ ಬರುವ ಜನ ನಮ್ಮವರು. ಒಳಗೆ ಕೂತ ನಾವು ಅವರಿಗೆ ಅಡ್ಡಿಯಾಗಬಾರದು.

ಇಷ್ಟೆಲ್ಲ ನೋಡಿಯೂ ಯಾರಾದರೂ ಬಂದು 'ನನ್ನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದಾರೆ' ಅನ್ನಬಹುದು. ಅವರ ಗುರುತು ನಿಮಗೆ ಖಚಿತವಾದರೆ ಟೆಂಡರ್ ಬ್ಯಾಲೆಟ್ ಕೊಡಲೇಬೇಕು. 17ಬಿ ನಮೂನೆಯಲ್ಲಿ ಸಹಿ ತಗೊಂಡು, ಕಾಗದದ ಮತಪತ್ರ ಕೊಟ್ಟು, ಮುದ್ರೆ ಹಾಕಿಸಿ, ಬೇರೆ ಕವರಿನಲ್ಲಿಡಿ. ಅವರನ್ನು ಮೆಷಿನ್ ಹತ್ತಿರ ಕಳಿಸಬೇಡಿ, 17ಎಯಲ್ಲೂ ಬರೆಯಬೇಡಿ. ಏಜೆಂಟರು ಒಬ್ಬರ ಗುರುತನ್ನೇ ಪ್ರಶ್ನಿಸಿದರೆ ಎರಡು ರೂಪಾಯಿ ಶುಲ್ಕ ತಗೊಂಡು ವಿಚಾರಣೆ ಮಾಡಿ, ನಿಮ್ಮ ತೀರ್ಮಾನ ಹೇಳಿ.

ಕಣ್ಣು ಕಾಣದವರು, ತುಂಬ ಅಶಕ್ತರು 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಒಬ್ಬರು ಒಂದು ದಿನ ಒಬ್ಬರಿಗೆ ಮಾತ್ರ ಸಹಾಯಕರು. ಮನೆಯಲ್ಲಿ ಇಬ್ಬರು ಹಿರಿಯರಿದ್ದಾರೆ ಅಂತ ಒಬ್ಬನೇ ಮೊಮ್ಮಗ ಇಬ್ಬರ ಜೊತೆಗೂ ಹೋಗುವ ಹಾಗಿಲ್ಲ. ನೀವಾಗಲೀ ನಿಮ್ಮ ಸಿಬ್ಬಂದಿಯಾಗಲೀ ಸಹಾಯಕರಾಗಬಾರದು. ಯಾವ ಗುಂಡಿ ಒತ್ತುವುದು ಅಂತ ಗೊತ್ತಾಗದವರಿಗೆ ಹೊರಗೆ ರಟ್ಟಿನ ಮಾದರಿ ತೋರಿಸಿ ಹೇಳಿ. ಮರೆಯೊಳಗೆ ನೀವೊಬ್ಬರೇ ಹೋಗುವುದು ಯಾವತ್ತೂ ಬೇಡ. ಹೋಗಲೇಬೇಕಾದರೆ ಏಜೆಂಟರನ್ನೂ ಕರೆದುಕೊಂಡು ಹೋಗಿ.

'ನಾನು ಒತ್ತಿದ್ದು ಒಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು' ಅಂತ ಯಾರಾದರೂ ಹೇಳಿದರೆ ಗಾಬರಿ ಬೇಡ, ತಳ್ಳಿಹಾಕುವುದೂ ಬೇಡ. ಸುಳ್ಳು ಹೇಳಿದರೆ ಶಿಕ್ಷೆ ಇದೆ ಅಂತ ತಿಳಿಸಿ, ಬರಹದಲ್ಲಿ ಘೋಷಣೆ ತಗೊಂಡು, ನಿಮ್ಮ ಮತ್ತು ಏಜೆಂಟರ ಎದುರಲ್ಲೇ ಒಂದು ಪರೀಕ್ಷಾ ಮತ ಹಾಕಿಸಿ. ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಎಲ್ಲರೂ ನೋಡಿ. ಸರಿ ಬಂದರೆ ದಾಖಲಿಸಿ ಮುಂದುವರಿಸಿ. ನಿಜವಾಗಿಯೂ ತಪ್ಪು ಬಂದರೆ ಅಲ್ಲಿಗೇ ಮತದಾನ ನಿಲ್ಲಿಸಿ ಮೇಲಿನವರಿಗೆ ತಿಳಿಸಿ.

ಈಗ ನಿಮ್ಮ ಮೆಷಿನ್ ಪ್ರಶ್ನೆ. ಮತದಾನದ ನಡುವೆ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದನ್ನೊಂದೇ ಬದಲಿಸುತ್ತಾರೆ, ಮತ್ತೆ ಅಣಕು ಮತದಾನ ಬೇಡ. ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರನ್ನೂ ಬದಲಿಸುತ್ತಾರೆ. ಆಗ ನೋಟಾ ಸೇರಿ ಒಬ್ಬೊಬ್ಬರಿಗೆ ಒಂದೊಂದು ಮತ ಹಾಕಿ ಪರೀಕ್ಷೆ ಮಾಡಿ, ಮತ್ತೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಕೆಟ್ಟ ಮೆಷಿನ್‌ನಲ್ಲಿ ಬಿದ್ದ ಮತ ಅದರಲ್ಲೇ ಭದ್ರ. ನಿಂತ ಸಮಯ, ಶುರುವಾದ ಸಮಯ ಡೈರಿಯಲ್ಲಿ ಬರೆಯಿರಿ. ಸಾಲಿನಲ್ಲಿ ನಿಂತವರಿಗೆ ಹೊರಗೆ ಹೋಗಿ ಕಾರಣ ಹೇಳಿ. ಹೇಳಿದರೆ ಜನ ಕಾಯುತ್ತಾರೆ. ಹೇಳದಿದ್ದರೆ ಗುಸುಗುಸು ಶುರುವಾಗುತ್ತದೆ.

ಲೆಕ್ಕಕ್ಕೆ ಬರೋಣ. ಗಂಟೆಗೊಮ್ಮೆ ಮೊದಲನೇ ಮೇಜಿನಲ್ಲಿ ಒಂದು ನಿಮಿಷ ಸಾಲು ತಡೆಯಿರಿ. ಒಳಗಿದ್ದವರು ಮತ ಹಾಕಿ ಹೊರಗೆ ಹೋಗಲಿ. ಆಮೇಲೆ ಟೋಟಲ್ ಒತ್ತಿ, 17ಎಯ ಕೊನೆಯ ಕ್ರಮಸಂಖ್ಯೆ ನೋಡಿ. ತಡೆಯದೆ ನೋಡಿದರೆ ಸಹಿ ಹಾಕಿ ಮೆಷಿನ್‌ಗೆ ಕಾಯುತ್ತಿರುವ ಎರಡು ಮೂರು ಜನರ ವ್ಯತ್ಯಾಸ ಕಂಡು ಸುಮ್ನೆ ಎದೆ ಧಸಕ್ಕೆನ್ನುತ್ತದೆ. ಸಹಿ ಹಾಕಿ 'ನನಗೆ ಮತ ಬೇಡ' ಅಂತ ಹೋದವರಿದ್ದರೆ ಅಷ್ಟು ಕಳೆಯಬೇಕು. ಅದನ್ನು ಆಗಲೇ 17ಎಯ ಷರಾ ಕಾಲಂನಲ್ಲಿ ಬರೆದಿರಬೇಕು. ಬ್ಯಾಲೆಟ್ ಒತ್ತಿದ ಮೇಲೆ ಮತದಾರರು ಮತ ಹಾಕದೆ ಹೊರಬಂದರೆ ಮುಂದಿನವರನ್ನು ಹಾಗೇ ಒಳಗೆ ಬಿಡಿ. ಅವರಿಗಾಗಿ ಮತ್ತೆ ಬಟನ್ ಒತ್ತುವುದು ಬೇಡ. ಹನ್ನೊಂದು ಗಂಟೆಗೆ ಒಂದು ಮತದ ವ್ಯತ್ಯಾಸ ಕಂಡರೆ ಹಿಂದಿನ ಒಂದು ಗಂಟೆಯಲ್ಲಿ ಹುಡುಕಿದರೆ ಸಾಕು. ಸಂಜೆ ಆರಕ್ಕೆ ಕಂಡರೆ 900 ಸಹಿಗಳಲ್ಲಿ ಹುಡುಕಬೇಕು.

ಆದರೂ ಕೊನೆಗೆ ಒಂದು ಮತದ ವ್ಯತ್ಯಾಸ ಉಳಿದರೆ? ಇದ್ದದ್ದನ್ನು ಇದ್ದ ಹಾಗೆ 17ಸಿಯಲ್ಲಿ ಬರೆಯಿರಿ, ಕಾರಣ ಗೊತ್ತಿದ್ದರೆ ಡೈರಿಯಲ್ಲಿ ಬರೆಯಿರಿ, ಸೆಕ್ಟರ್ ಆಫೀಸರಿಗೆ ತಿಳಿಸಿ. ಲೆಕ್ಕ ಕೂಡಲಿ ಅಂತ 17ಎಯಲ್ಲಿ ಒಂದು ಸಾಲು ಸೇರಿಸುವುದು, ಒಂದು ಹೊಡೆದುಹಾಕುವುದು ಮಾಡಬೇಡಿ. ತಪ್ಪಿಗೂ ಮೋಸಕ್ಕೂ ಇರುವ ಗೆರೆ ಅದೇ. ಸಸ್ಪೆಂಡ್ ಪ್ರಶ್ನೆಗೂ ನನ್ನ ಉತ್ತರ ಇದೇ. ಡ್ಯೂಟಿಯಲ್ಲಿರುವಷ್ಟು ದಿನ ನೀವು ಕಾನೂನಿನ ಪ್ರಕಾರ ಆಯೋಗದ ನಿಯೋಜನೆಯಲ್ಲಿರುತ್ತೀರಿ, ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿದೆ, ನಿಜ. ಆ ಅಧಿಕಾರ ಇರುವುದು ಡ್ಯೂಟಿಗೆ ಬಾರದವರ ಮೇಲೆ, ಕುಡಿದು ಬಂದವರ ಮೇಲೆ, ಮೆಷಿನ್ ಬಿಟ್ಟು ಹೋದವರ ಮೇಲೆ, ಪಕ್ಷ ವಹಿಸಿದವರ ಮೇಲೆ. ಪ್ರಾಮಾಣಿಕವಾಗಿ ಬರೆದಿಟ್ಟು ತಿಳಿಸಿದವರು ಹೆದರಬೇಕಾಗಿಲ್ಲ.

ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಸಹಿ ಮಾಡಿದ ಚೀಟಿ ಕೊಡಿ. ಕೊಡುವುದು ಸಾಲಿನ ಕೊನೆಯವರಿಂದ. ಒಂದನೇ ನಂಬರ್ ಕೊನೆಯಲ್ಲಿ ನಿಂತವರಿಗೆ. ಮುಂದಿನಿಂದ ಕೊಡುತ್ತಾ ಹೋದರೆ ಹಿಂದೆ ಜನ ಸೇರುತ್ತಲೇ ಇರುತ್ತಾರೆ. ಎಲ್ಲರದ್ದೂ ಮುಗಿದ ಮೇಲೆ ಟೋಟಲ್ ಬರೆದುಕೊಂಡು ಕ್ಲೋಸ್ ಒತ್ತಿ. ಕ್ಲೋಸ್ ಒತ್ತದ ಮೆಷಿನ್ ಎಣಿಕೆ ದಿನ ರಿಸಲ್ಟ್ ತೋರಿಸುವುದಿಲ್ಲ. 17ಸಿ ಕಾಪಿ ಏಜೆಂಟರು ಕೇಳದಿದ್ದರೂ ಕೊಟ್ಟು ಸಹಿ ತಗೊಳ್ಳಿ. ಸ್ವಿಚ್ ಆಫ್ ಮಾಡಿ, ಕೇಬಲ್ ಬಿಚ್ಚಿ, ವಿವಿಪ್ಯಾಟ್ ಬ್ಯಾಟರಿ ತೆಗೆದು, ನಾಬ್ ಅಡ್ಡ ಮಾಡಿ ಪೆಟ್ಟಿಗೆಗಳನ್ನು ಸೀಲ್ ಮಾಡಿ.

ನಿಮ್ಮ ಸ್ವಂತ ಮತದ ವಿಷಯ. ಲೋಕಸಭೆಗೆ ನಿಮ್ಮ ಮತವೂ ಡ್ಯೂಟಿಯೂ ಒಂದೇ ಲೋಕಸಭಾ ಕ್ಷೇತ್ರದಲ್ಲಿದ್ದರೆ ತರಬೇತಿಯಲ್ಲಿ ನಮೂನೆ 12ಎ ಕೊಡಿ. ಆಗ ಇಡಿಸಿ (ಚುನಾವಣಾ ಡ್ಯೂಟಿಯ ಪ್ರಮಾಣಪತ್ರ) ಸಿಗುತ್ತದೆ. ಅದನ್ನು ತೋರಿಸಿ ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಮೆಷಿನ್‌ನಲ್ಲಿ ಮತ ಹಾಕಬಹುದು. ಮಾರ್ಕ್ಡ್ ಕಾಪಿಯ ಕೊನೆಯಲ್ಲಿ ನಿಮ್ಮ ಹೆಸರು ಬರೆದು, 17ಎಯಲ್ಲೂ ಸಹಿ ಹಾಕಬೇಕು. ಕ್ಷೇತ್ರ ಬೇರೆಯಾದರೆ ನಮೂನೆ 12, ಅಂಚೆ ಮತ. ಅದನ್ನು ತರಬೇತಿಯ ಸಮಯದಲ್ಲಿ ಅಲ್ಲೇ ತೆರೆದಿರುವ ಕೇಂದ್ರದಲ್ಲಿ ಹಾಕಬೇಕು, ಮನೆಗೆ ತರುವ ಹಾಗಿಲ್ಲ. ವಿಧಾನಸಭೆಯಲ್ಲಿ ನಿಮ್ಮ ಮತ ಮಂಗಳೂರು ದಕ್ಷಿಣದಲ್ಲಿದ್ದು ಡ್ಯೂಟಿ ಸುಳ್ಯಕ್ಕೆ ಬಿದ್ದರೆ ಅಂಚೆ ಮತವೇ ಗತಿ. ಉಡುಪಿಯವರು ಇನ್ನೂ ಜಾಗ್ರತೆ ವಹಿಸಬೇಕು. ಬೈಂದೂರು ಉಡುಪಿ ಜಿಲ್ಲೆಗೆ ಸೇರಿದ್ದರೂ ಲೋಕಸಭೆಯಲ್ಲಿ ಶಿವಮೊಗ್ಗಕ್ಕೆ ಸೇರುತ್ತದೆ. 'ನಮ್ಮದೇ ಜಿಲ್ಲೆಯಲ್ವಾ' ಅಂತ 12ಎ ತುಂಬಿಸಿ ಬೈಂದೂರಿಗೆ ಹೋದರೆ ಮತ ಹಾಕಲು ಆಗುವುದಿಲ್ಲ. ನಾಲ್ಕು ಜನರ ತಂಡದ ಮತ ಹೋಗದ ಹಾಗೆ ಪಿಆರ್‌ಒ ಆಗಿ ನೀವೇ ಕೇಳಿ ನೋಡಿ.

ಮೆಷಿನ್, ಕಾಗದ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್‌ನಲ್ಲಿ ಒಂದು ಎಚ್ಚರ. 17ಸಿ, ಪಿಆರ್‌ಒ ಘೋಷಣೆ, ಡೈರಿ ಈ ಮೂರನ್ನು ಕೈಯಲ್ಲೇ ಇಟ್ಟುಕೊಳ್ಳಿ. ಅವಸರದಲ್ಲಿ ಮೆಷಿನ್ ಪೆಟ್ಟಿಗೆಯೊಳಗೆ ಹಾಕಿ ಸೀಲ್ ಮಾಡಿಬಿಟ್ಟರೆ ಕೌಂಟರಿನಲ್ಲಿ ಮೊದಲು ಕೇಳುವುದೇ ಅದನ್ನು. ದಕ್ಷಿಣ ಕನ್ನಡದ ಮೆಷಿನ್‌ಗಳು 2024ರಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯ ಸ್ಟ್ರಾಂಗ್ ರೂಮಿಗೆ ಹೋಗಿದ್ದವು. ನೀವು ಕೊಟ್ಟ ಮೆಷಿನ್ ಅಷ್ಟು ದೂರ ಹೋಗುವ ಮೊದಲು ಎಲ್ಲ ಕಾಗದ ಸರಿಯಿದೆ ಅಂತ ಕೌಂಟರಿನವರ ಬಾಯಿಂದ ಕೇಳಿಸಿಕೊಳ್ಳಿ, ರಸೀದಿ ತಗೊಳ್ಳಿ, ಬಿಡುಗಡೆ ಪತ್ರ ನಿಮಗೂ ನಿಮ್ಮ ಮೂವರಿಗೂ ಸಿಕ್ಕಿದೆಯಾ ನೋಡಿ. ಆ ಹೊತ್ತಿಗೆ ರಾತ್ರಿ ತುಂಬ ಆಗಿರುತ್ತದೆ. ನಿಮ್ಮ ತಂಡದಲ್ಲಿ ದೂರದಿಂದ ಬಂದವರು, ಅದರಲ್ಲೂ ಹೆಂಗಸರು ಯಾರಾದರೂ ಇದ್ದರೆ ಅವರಿಗೆ ಮನೆ ಕಡೆಯ ಬಸ್ಸು ಯಾವಾಗ, ಎಲ್ಲಿಂದ ಅಂತ ವಿಚಾರಿಸಿ, ಹತ್ತಿಸಿಯೇ ನೀವು ಹೊರಡಿ.